ಅಮೆರಿಕದ ಶೇ 25 ಗೊತ್ತು, ಕೊಳ್ಳೇಗಾಲದ ನೂಲಿನ ಕಥೆ ಗೊತ್ತಿಲ್ಲ

ದ್ವಿತೀಯ ಪಿಯುಸಿಯ ಸಮಗ್ರ ಅರ್ಥಶಾಸ್ತ್ರದ ಮೊದಲ ಅಧ್ಯಾಯದಲ್ಲೇ 1929ರ ಮಹಾ ಆರ್ಥಿಕ ಕುಸಿತ ಬರುತ್ತದೆ. ಅಮೆರಿಕದಲ್ಲಿ 1929ರಿಂದ 1933ರ ಒಳಗೆ ನಿರುದ್ಯೋಗ ಶೇ 3ರಿಂದ ಶೇ 25ಕ್ಕೆ ಏರಿತು, ಉತ್ಪಾದನೆ ಸುಮಾರು ಶೇ 33ರಷ್ಟು ಇಳಿಯಿತು, ಕೇನ್ಸ್ 1936ರಲ್ಲಿ ತಮ್ಮ ಪ್ರಸಿದ್ಧ ಪುಸ್ತಕ ಬರೆದರು. ನಮ್ಮ ತರಗತಿಯಲ್ಲಿ ಯಾರನ್ನು ಎಬ್ಬಿಸಿ ಕೇಳಿದರೂ ಇಷ್ಟು ಹೇಳುತ್ತಾರೆ. ಪರೀಕ್ಷೆಗೆ ಬರುವ ಪ್ರಶ್ನೆ, ಬಿಡಲಾಗುತ್ತದೆಯೇ? ಆದರೆ ಅದೇ ವರ್ಷಗಳಲ್ಲಿ ಕೊಳ್ಳೇಗಾಲದ ರೇಷ್ಮೆಗೆ ಏನಾಯಿತು ಎಂದು ಕೇಳಿದರೆ ಎಲ್ಲರೂ ಮುಖ ಮುಖ ನೋಡುತ್ತೇವೆ. ನಮ್ಮಲ್ಲಿ ಎಷ್ಟೋ ಜನ ಹುಳು ಸಾಕುವ, ಗೂಡು ಬೇಯಿಸಿ ನೂಲು ಬಿಚ್ಚುವ, ಸೀರೆ ವ್ಯಾಪಾರ ಮಾಡುವ ಮನೆಗಳಿಂದ ಬಂದವರು.

ಆಗಿದ್ದು ಇಷ್ಟು. ಆ ಕಾಲದಲ್ಲಿ ಮದರಾಸು ಪ್ರಾಂತ್ಯದ ರೇಷ್ಮೆ ಎಂದರೆ ಮುಖ್ಯವಾಗಿ ಕೊಳ್ಳೇಗಾಲ ತಾಲ್ಲೂಕಿನದು. ಪಕ್ಕದ ಮೈಸೂರು ಸಂಸ್ಥಾನದಲ್ಲಿ ಅದಕ್ಕಿಂತ ದೊಡ್ಡ ಪ್ರಮಾಣದಲ್ಲಿ ಬೆಳೆಯುತ್ತಿದ್ದರು. ಜಪಾನಿನ ನೂಲನ್ನು ಹೆಚ್ಚಾಗಿ ಕೊಳ್ಳುತ್ತಿದ್ದದ್ದು ಅಮೆರಿಕ. ಅಲ್ಲಿ ಕೆಲಸ ಕಳೆದುಕೊಂಡವರು ರೇಷ್ಮೆ ಕೊಳ್ಳುವುದು ನಿಲ್ಲಿಸಿದಾಗ ಜಪಾನಿನಲ್ಲಿ ಸರಕು ಉಳಿಯಿತು. 1931ರ ಕೊನೆಯಲ್ಲಿ ಜಪಾನ್ ತನ್ನ ಹಣಕ್ಕೂ ಚಿನ್ನಕ್ಕೂ ಇದ್ದ ನಂಟನ್ನು ಕಡಿದುಕೊಂಡಿತು. ಯೆನ್ ಬೆಲೆ ಬಿತ್ತು. ಅಲ್ಲಿನ ನೂಲು, ಬಟ್ಟೆ ಎರಡೂ ಅಗ್ಗವಾಗಿ ಭಾರತದ ಬಂದರುಗಳಿಗೆ ಬಂದು ಇಳಿದವು. ಜೊತೆಗೆ ಚೀನಾದ ನೂಲು, ಅದರ ಮೇಲೆ ಕೃತಕ ರೇಷ್ಮೆ. ನಮ್ಮ ಚರಕದ ನೂಲು ಈ ಬೆಲೆಯ ಎದುರು ನಿಲ್ಲಲಾರದೆ ಹೋಯಿತು. ಕೂಗು ಎದ್ದು, 1933ರಲ್ಲಿ ಭಾರತದ ಸುಂಕ ಮಂಡಳಿ ರೇಷ್ಮೆ ಉದ್ಯಮದ ಬಗ್ಗೆಯೇ ವಿಚಾರಣೆ ನಡೆಸಿತು. 1934ರಲ್ಲಿ ಆಮದು ರೇಷ್ಮೆಯ ಮೇಲೆ ರಕ್ಷಣಾ ಸುಂಕ ಬಂತು.

ಆಮೇಲೆ ಎರಡನೆಯ ಮಹಾಯುದ್ಧ. 1941ರ ಡಿಸೆಂಬರಿನಲ್ಲಿ ಜಪಾನ್ ಯುದ್ಧಕ್ಕೆ ಇಳಿದ ಮೇಲೆ ಅಲ್ಲಿನ ರೇಷ್ಮೆ ಬರುವುದು ಪೂರ್ತಿ ನಿಂತಿತು. ಪ್ಯಾರಾಚೂಟಿಗೆ ರೇಷ್ಮೆ ಬೇಕು. ನೆಲ ಕಚ್ಚಿದ್ದ ನೂಲಿಗೆ ಒಮ್ಮೆಲೇ ಬೇಡಿಕೆ. ಯುದ್ಧ ಮುಗಿಯಿತು, ಬೇಡಿಕೆಯೂ ಮುಗಿಯಿತು. ಉದ್ಯಮವನ್ನು ಎತ್ತಿ ನಿಲ್ಲಿಸಲು 1949ರಲ್ಲಿ ಕೇಂದ್ರ ರೇಷ್ಮೆ ಮಂಡಳಿ ಬಂತು. ನಮ್ಮ ಮನೆಯಲ್ಲಿ ದಾದಾ ಅವರ ಅಬ್ಬಾ ಹೇಳುತ್ತಿದ್ದ ಮಾತನ್ನು ಈಗಲೂ ಹೇಳುತ್ತಾರೆ: "ಲಡಾಯಿ ಮೆ ರೇಶಮ್ ಸೋನಾ ಥಾ." ಅಂದರೆ ಯುದ್ಧದ ಕಾಲದಲ್ಲಿ ರೇಷ್ಮೆಯೇ ಚಿನ್ನವಾಗಿತ್ತು. ಯಾವ ಲಡಾಯಿ, ಯಾರ ಲಡಾಯಿ, ಆ ಚಿನ್ನ ಆಮೇಲೆ ಎಲ್ಲಿ ಹೋಯಿತು ಎಂಬುದನ್ನು ಶಾಲೆ ಅವರಿಗೂ ಹೇಳಲಿಲ್ಲ, ನನಗೂ ಹೇಳಿಲ್ಲ.

ಬೇಡಿಕೆ, ಪೂರೈಕೆ, ವಿನಿಮಯ ದರ, ಆಮದು ಸುಂಕ. ನಾವು ಬೇರೆ ಬೇರೆ ಅಧ್ಯಾಯಗಳಲ್ಲಿ ಬಾಯಿಪಾಠ ಮಾಡುವ ಇವೆಲ್ಲ ಈ ಒಂದೇ ಕಥೆಯಲ್ಲಿ ಇವೆ. ಆದ್ದರಿಂದ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ: ಕಳೆದ ಶತಮಾನದ ಮೊದಲರ್ಧದ ದೊಡ್ಡ ಏರುಪೇರುಗಳನ್ನು ನಮಗೆ ಕಲಿಸುವಾಗ ಕೊಳ್ಳೇಗಾಲ, ಹನೂರು, ಯಳಂದೂರಿನಿಂದ ಶುರು ಮಾಡಬೇಕು. ವಾಣಿಜ್ಯ ವಿಭಾಗದವರಿಗೂ ಕಲಿಸಬೇಕು. ಎಚ್‌ಇಬಿಎ ತೆಗೆದುಕೊಂಡವರಿಗೆ ಇತಿಹಾಸ ಒಂದು ವಿಷಯವಾಗಿಯಾದರೂ ಇದೆ. ನನ್ನಂಥ ಸಿಇಬಿಎ ವಿದ್ಯಾರ್ಥಿಗಳಿಗೆ ಎಸ್‌ಎಸ್‌ಎಲ್‌ಸಿ ಸಮಾಜ ವಿಜ್ಞಾನದ ಜೊತೆಗೇ ಇತಿಹಾಸ ಮುಗಿದುಹೋಯಿತು. ಅಲ್ಲಿ ಮಹಾಯುದ್ಧಗಳ ಪಾಠ ಇತ್ತು, ನಿಜ. ಅದರಲ್ಲಿ ಎಲ್ಲವೂ ದೂರದ ದೇಶಗಳಲ್ಲಿ ನಡೆಯಿತು.

ನಮ್ಮ ಮೂರು ಊರುಗಳಷ್ಟು ಒಳ್ಳೆಯ ಪಾಠದ ಸ್ಥಳ ಸುಲಭಕ್ಕೆ ಸಿಗುವುದಿಲ್ಲ. ಕೊಳ್ಳೇಗಾಲ 1956ರ ನವೆಂಬರ್ 1ರವರೆಗೆ ಕೊಯಮತ್ತೂರು ಜಿಲ್ಲೆಯಲ್ಲಿತ್ತು. ಹನೂರು ಆಗ ಕೊಳ್ಳೇಗಾಲ ತಾಲ್ಲೂಕಿನ ಒಳಗೇ ಇತ್ತು. ಇಲ್ಲಿ ನೇರ ಬ್ರಿಟಿಷ್ ಆಡಳಿತ. ಯಳಂದೂರು ಮೈಸೂರು ಸಂಸ್ಥಾನದ್ದು. 1807ರಲ್ಲಿ ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಟ್ಟ ಊರು. ಯಳಂದೂರಿನ ಪಕ್ಕ ಹರಿಯುವ ಸುವರ್ಣಾವತಿ ಕೊಳ್ಳೇಗಾಲದ ಹತ್ತಿರ ಕಾವೇರಿಗೆ ಸೇರುತ್ತದೆ. ಒಂದೇ ಹೊಳೆಯ ನೀರು ಕುಡಿಯುವ ಜನ ಎರಡು ಸರ್ಕಾರಗಳಿಗೆ ಕಂದಾಯ ಕಟ್ಟುತ್ತಿದ್ದರು. 1937ರಲ್ಲಿ ಮದರಾಸಿನಲ್ಲಿ ರಾಜಾಜಿಯವರ ಕಾಂಗ್ರೆಸ್ ಸರ್ಕಾರ ಬಂದಾಗ ಕೊಳ್ಳೇಗಾಲ ಅದರ ಅಡಿಯಲ್ಲಿತ್ತು. ಮರುವರ್ಷ ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ ಬಾವುಟ ಹಾರಿಸುವುದಕ್ಕೇ ಶಿವಪುರದಲ್ಲಿ ಸತ್ಯಾಗ್ರಹ ಮಾಡಬೇಕಾಯಿತು. 1947ರ ಆಗಸ್ಟ್ 15ರಂದು ಇಲ್ಲಿ ಬ್ರಿಟಿಷರ ಆಡಳಿತ ಮುಗಿಯಿತು. ಮೈಸೂರು ಭಾರತಕ್ಕೆ ಸೇರಲು ಒಪ್ಪಿಕೊಂಡಿದ್ದರೂ ಜವಾಬ್ದಾರಿ ಸರ್ಕಾರಕ್ಕಾಗಿ 'ಮೈಸೂರು ಚಲೋ' ಚಳವಳಿ ನಡೆಸಿ, ಅಕ್ಟೋಬರ್‌ವರೆಗೆ ಕಾಯಬೇಕಾಯಿತು. ಬಸ್ಸಿನಲ್ಲಿ ದಿನಾ ಯಳಂದೂರಿನಿಂದ ಬರುವ ನಮ್ಮ ಸಹಪಾಠಿಗಳು ಇದನ್ನು ಎಲ್ಲಿಯಾದರೂ ಓದಿದ್ದಾರೆಯೇ?

ಇನ್ಫ್ಲುಯೆಂಜಾದ ವಿಷಯವೂ ಹಾಗೆಯೇ. ಜನಸಂಖ್ಯೆಯ ಪಾಠದಲ್ಲಿ 1921 'ಮಹಾ ವಿಭಜನೆಯ ವರ್ಷ' ಎಂದು ಬರೆಸುತ್ತಾರೆ. 1911ರಿಂದ 1921ರ ನಡುವೆ ದೇಶದ ಜನಸಂಖ್ಯೆ ಬೆಳೆಯುವ ಬದಲು ಇಳಿಯಿತು. ಇದಕ್ಕೆ ಮುಖ್ಯ ಕಾರಣ 1918-19ರಲ್ಲಿ ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಕೊಂದ ಜ್ವರ. ಕೊರೊನಾ ನೋಡಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಯೂ ಇರಲಿಲ್ಲ, ಒಂದು ಮಾತು ಸಾಕಾಗಿತ್ತು.

ಈಗ ಕೆಲವರು ಮುಟ್ಟಲು ಹಿಂಜರಿಯುವ ಪಾಠಕ್ಕೆ ಬರುತ್ತೇನೆ. ಖಿಲಾಫತ್ ಚಳವಳಿ ಎಂದರೆ ನಮಗೆ ಅಲಿ ಸಹೋದರರ ಹೆಸರು, ಒಂದು ಇಸವಿ, ಮುಂದಿನ ಪುಟ. 1914ರ ಕೊನೆಯಲ್ಲಿ ತುರ್ಕಿಯು ಬ್ರಿಟಿಷರ ವಿರುದ್ಧ ಯುದ್ಧಕ್ಕೆ ಇಳಿದಾಗ ಬ್ರಿಟಿಷ್ ಸೇನೆಯಲ್ಲಿದ್ದ ಭಾರತದ ಮುಸ್ಲಿಂ ಸಿಪಾಯಿಗೆ ಎದುರು ಪಕ್ಷದಲ್ಲಿ ಖಲೀಫರೇ ಇದ್ದರು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದವರಲ್ಲಿ ಮೈಸೂರು ಲ್ಯಾನ್ಸರ್ಸ್ ಕುದುರೆ ಪಡೆ ಇತ್ತು; ಅದರ ಸ್ಮಾರಕ ಬೆಂಗಳೂರಿನ ಜೆ.ಸಿ. ನಗರದಲ್ಲಿ ಇದೆ. ಎರಡು ವರ್ಷ ಕಳೆದು, 1920ರ ಆಗಸ್ಟ್‌ನಲ್ಲಿ, ಗಾಂಧೀಜಿ ಮತ್ತು ಶೌಕತ್ ಅಲಿ ಒಟ್ಟಿಗೆ ಮಂಗಳೂರಿಗೂ ಬೆಂಗಳೂರಿಗೂ ಬಂದು ಅದೇ ಖಿಲಾಫತ್ತಿನ ಪರವಾಗಿ ಅಸಹಕಾರಕ್ಕೆ ಕರೆ ಕೊಟ್ಟರು. ಕೊನೆಗೆ 1924ರ ಮಾರ್ಚ್ 3ರಂದು ಖಿಲಾಫತ್ತನ್ನು ರದ್ದು ಮಾಡಿದ್ದು ಬ್ರಿಟಿಷರಲ್ಲ, ತುರ್ಕಿಯದೇ ಸಂಸತ್ತು. ಇಲ್ಲಿ ಹಿಂದೂಗಳೂ ಮುಸ್ಲಿಮರೂ ಸೇರಿ ಯಾವುದಕ್ಕಾಗಿ ಜೈಲಿಗೆ ಹೋದರೋ ಅದನ್ನು ಅಲ್ಲಿಯವರೇ ಬೇಡ ಎಂದರು! ಇದನ್ನು ಕುಳಿತು ಚರ್ಚಿಸಿದರೆ ಒಂದು ಪೀರಿಯಡ್ ಸಾಲದು.

"ಇಂಥದ್ದೆಲ್ಲ ತರಗತಿಯಲ್ಲಿ ಎತ್ತಿದರೆ ಗಲಾಟೆಯಾಗುತ್ತದೆ" ಎನ್ನುವವರು ಇದ್ದಾರೆ. ಅವರ ಭಯ ಸುಳ್ಳಲ್ಲ. 1921ರ ಮಲಬಾರ್ ಬಂತೆಂದರೆ ಮಾತು ಬಿಸಿಯಾಗುತ್ತದೆ. ಆದರೆ ತರಗತಿಯಲ್ಲಿ ಎತ್ತದಿದ್ದರೆ ನಾವು ಅದನ್ನು ಕೇಳುವುದೇ ಇಲ್ಲ ಎಂದು ಅರ್ಥವಲ್ಲ. ರಾತ್ರಿ ಹತ್ತರ ಮೇಲೆ ಮೊಬೈಲಿನಲ್ಲಿ ಬರುವ ರೀಲ್ಸ್ ನೋಡಿ ಒಬ್ಬ ಹೀರೋ ಮಾಡುತ್ತಾನೆ, ಇನ್ನೊಬ್ಬ ವಿಲನ್ ಮಾಡುತ್ತಾನೆ. ಇಬ್ಬರೂ ಬೆಳಿಗ್ಗೆ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಇಸವಿ, ಕಾರಣ, ಎರಡೂ ಕಡೆಯ ಸಾವು ನೋವು ಎಲ್ಲವನ್ನೂ ಹೇಳಬಲ್ಲ ಉಪನ್ಯಾಸಕರು ಎದುರಿಗಿದ್ದಾಗ ಬಿಸಿಯಾಗುವುದೇ ಮೇಲು ಎಂದು ನನಗೆ ಅನ್ನಿಸುತ್ತದೆ.

ಇನ್ನೊಂದು ಆಕ್ಷೇಪ ಪೋರ್ಷನ್ ಮುಗಿಯುವುದಿಲ್ಲ ಎಂಬುದು. ಬೋರ್ಡ್ ಪರೀಕ್ಷೆ ಇರುವವರೆಗೆ ಇದಕ್ಕೆ ಪೂರ್ತಿ ಉತ್ತರ ಇಲ್ಲ. ಹಾಗಾಗಿ ನಾನು ಕೇಳುವುದು ಸ್ವಲ್ಪವೇ. ಅಕ್ಟೋಬರಿಗೆ ಮುಂಚೆ ತಿಂಗಳಿಗೆ ಒಂದು ಶನಿವಾರ, ಇತಿಹಾಸ ಮತ್ತು ಅರ್ಥಶಾಸ್ತ್ರದ ಉಪನ್ಯಾಸಕರು ಜೊತೆಯಾಗಿ, ಎಲ್ಲ ವಿಭಾಗದವರಿಗೆ ಒಂದು ಗಂಟೆ. ಮೊದಲ ಶನಿವಾರ ರೇಷ್ಮೆ ಗೂಡಿನ ಮಾರುಕಟ್ಟೆಗೆ ಹೋಗೋಣ, ಹರಾಜು ನೋಡೋಣ, 1931ರ ಬಗ್ಗೆ ಅಲ್ಲಿಯೇ ನಿಂತು ಮಾತಾಡೋಣ.

ವಿದ್ಯಾರ್ಥಿಗಳ ಕಡೆಯಿಂದಲೂ ಒಂದು ಕೆಲಸ ಇದೆ, ಅದಕ್ಕೆ ಸಮಯ ಕಡಿಮೆ. ನಮ್ಮ ಹಲವು ಮನೆಗಳ ಅಟ್ಟದಲ್ಲಿ ಹಳೆಯ ಲೆಕ್ಕದ ಪುಸ್ತಕಗಳು ಇವೆ. ಕೆಲವು ಉರ್ದುವಿನಲ್ಲಿ, ಕೆಲವು ಕನ್ನಡದಲ್ಲಿ, ಕೊಳ್ಳೇಗಾಲ ಮದರಾಸಿಗೆ ಸೇರಿದ್ದ ಕಾಲದವು ತಮಿಳಿನಲ್ಲೂ ಇರಬಹುದು. ಯಾವ ತಿಂಗಳು ನೂಲು ಯಾವ ಬೆಲೆಗೆ ಹೋಯಿತು, ಯಾರಿಗೆ ಎಷ್ಟು ಸಾಲ ಎಂಬುದು ಅದರಲ್ಲಿ ಬರೆದಿರುತ್ತದೆ. ಮನೆ ಸುಣ್ಣ ಬಳಿಸುವಾಗ ಅವು ಗುಜರಿಗೆ ಹೋಗುತ್ತವೆ. ಉರ್ದು ಮನೆಯವರಾದ ನಮ್ಮಲ್ಲೇ ಬಹಳ ಮಂದಿಗೆ ಉರ್ದು ಮಾತಾಡಲು ಬರುತ್ತದೆ, ಕೈಬರಹ ಓದಲು ಬರುವುದಿಲ್ಲ. ಓದಿ ಹೇಳುವ ದಾದಾ, ನಾನಿಗಳು ಇನ್ನೂ ನಮ್ಮ ಜೊತೆ ಇದ್ದಾರೆ. ದಸರಾ ರಜೆಯಲ್ಲಿ ಒಂದು ಮಧ್ಯಾಹ್ನ ಅವರ ಪಕ್ಕ ಕುಳಿತು ಓದಿಸಿ. 1950ಕ್ಕಿಂತ ಹಿಂದಿನ ಪುಟ ಸಿಕ್ಕರೆ ಹರಿಯದೆ, ಅಂಟಿಸದೆ, ಮೊಬೈಲಿನಲ್ಲಿ ಫೋಟೋ ತೆಗೆದು ಇತಿಹಾಸ ವಿಭಾಗಕ್ಕೆ ತಂದುಕೊಡಿ. ನಮ್ಮ ಮನೆಯದನ್ನು ನಾನು ತರುತ್ತೇನೆ, ಅಮ್ಮಿ ಅಟ್ಟ ಹತ್ತಲು ಬಿಟ್ಟರೆ.