ಮಳೆ ಹಿಡಿಯುವ ಮೊದಲು ತಾಲ್ಲೂಕಿಗೊಂದು ಡ್ರೋನ್ ತಂಡ ಬೇಕು: ಗ್ರಾಮಸಭೆಗೆ ಬನ್ನಿ, ಕೇಳಿ

ಉತ್ತರ ಕನ್ನಡದ ಬಂಧುಗಳೇ,

2024ರ ಜುಲೈ 16. ಆಷಾಢದ ಮಳೆ ಬಿಡದೆ ಹೊಡೆಯುತ್ತಿತ್ತು. ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಜರಿದು, ರಾಷ್ಟ್ರೀಯ ಹೆದ್ದಾರಿ 66ನ್ನು ದಾಟಿ ಗಂಗಾವಳಿ ಹೊಳೆಗೆ ಬಿತ್ತು. ರಸ್ತೆ ಬದಿಯ ಚಹಾ ಅಂಗಡಿ, ಅದನ್ನು ನಡೆಸುತ್ತಿದ್ದ ಸಂಸಾರ, ಅಲ್ಲಿ ಗಾಡಿ ನಿಲ್ಲಿಸಿಕೊಂಡಿದ್ದವರು ಮಣ್ಣಿನ ಜೊತೆಗೇ ಹೋದರು. ಮಣ್ಣು ಬಿದ್ದ ರಭಸಕ್ಕೆ ಹೊಳೆ ಉಕ್ಕಿ ಆಚೆ ದಡದ ಉಳುವರೆಯ ಮನೆಗಳಿಗೆ ನುಗ್ಗಿತು. ಕೇರಳದ ಲಾರಿ ಚಾಲಕನೊಬ್ಬನ ದೇಹ ಅವನ ಲಾರಿಯ ಕ್ಯಾಬಿನ್‌ನಲ್ಲೇ ಸಿಕ್ಕಿದ್ದು ಸೆಪ್ಟೆಂಬರ್ 25ರಂದು. ಅಷ್ಟು ದಿನವೂ ಅವನ ಮನೆಯವರು ಕಾದಿದ್ದರು. ನಮ್ಮ ಊರುಗಳ ಮನೆಗಳಲ್ಲೂ ಕಾಯುತ್ತಿದ್ದವರಿದ್ದರು.

ಆ ಹುಡುಕಾಟ ಹೇಗೆ ನಡೆಯಿತು ಎನ್ನುವುದನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಮೊದಲು ರಸ್ತೆಯ ಮೇಲಿನ ಮಣ್ಣನ್ನು ಬಗೆದರು. ಲಾರಿ ಅಲ್ಲಿ ಸಿಗದೆ ಹುಡುಕಾಟ ಹೊಳೆಯತ್ತ ತಿರುಗಿತು. ಸೆಳೆತ ಎಷ್ಟಿತ್ತೆಂದರೆ ನೌಕಾಪಡೆಯ ಮುಳುಗುಗಾರರೂ ದಿನಗಟ್ಟಲೆ ನೀರಿಗಿಳಿಯಲು ಆಗಲಿಲ್ಲ. ವಾರ ಕಳೆದ ಮೇಲೆ ನಿವೃತ್ತ ಮೇಜರ್ ಜನರಲ್ ಎಂ. ಇಂದ್ರಬಾಲನ್ ಅವರ ತಂಡ ಬಂತು. ಮಣ್ಣು ಮತ್ತು ನೀರಿನಡಿ ಹೂತ ವಸ್ತುಗಳನ್ನು ಗುರುತಿಸುವ ಸಾಧನವನ್ನು ಡ್ರೋನಿಗೆ ಕಟ್ಟಿ ಹೊಳೆಯ ಮೇಲೆ ಹಾರಿಸಿ, ಲೋಹ ಇರಬಹುದಾದ ಜಾಗಗಳನ್ನು ಗುರುತು ಮಾಡಿ ಕೊಟ್ಟಿತು.

ಮೊದಲ ದಿನವೇ ಡ್ರೋನ್ ಬಂದಿದ್ದರೆ ಸತ್ತವರು ಬದುಕುತ್ತಿದ್ದರು ಎಂದು ನಾವು ಹೇಳುತ್ತಿಲ್ಲ. ಅಂಥ ಮಾತು ಆ ಮನೆಯವರ ಗಾಯದ ಮೇಲೆ ಉಪ್ಪು ಸುರಿದಂತೆ. ಆದರೆ ಎಲ್ಲಿ ಅಗೆಯಬೇಕು, ಎಲ್ಲಿ ಅಗೆದು ಪ್ರಯೋಜನವಿಲ್ಲ ಎನ್ನುವುದು ಬೇಗ ತಿಳಿಯಬಹುದಿತ್ತು. ಇನ್ನೂ ಜರಿಯುತ್ತಿದ್ದ ಗುಡ್ಡದ ಕೆಳಗೆ ಜೆಸಿಬಿ ಓಡಿಸುತ್ತಿದ್ದವರಿಗೆ ಮೇಲಿನ ಬಿರುಕು ಕಾಣಬಹುದಿತ್ತು. ಮುಂದಿನ ಸಲ ಗುಡ್ಡ ಜರಿದಾಗ ಮಣ್ಣಿನಲ್ಲಿ ಅಲ್ಲ, ಮಾಡಿನ ಮೇಲೋ ಮರದ ಮೇಲೋ ಯಾರಾದರೂ ಜೀವ ಹಿಡಿದುಕೊಂಡು ಕೂತಿದ್ದರೆ? ಅವರ ಪಾಲಿಗೆ ಮೊದಲ ಒಂದೆರಡು ಗಂಟೆಯೇ ಎಲ್ಲ.

ಈಗ ನಮ್ಮ ಸುತ್ತ ನೋಡಿ. ಕುಮಟಾದಲ್ಲಾಗಲಿ ಶಿರಸಿಯಲ್ಲಾಗಲಿ ಡ್ರೋನ್ ಇಲ್ಲದೆ ಇವತ್ತು ದೊಡ್ಡ ಮದುವೆ ಮುಗಿಯುವುದಿಲ್ಲ. ಅಡಿಕೆ ತೋಟಕ್ಕೆ ಮದ್ದು ಹೊಡೆಯಲು ಡ್ರೋನ್ ಬಂದಿದೆ. ಕೇಂದ್ರದ ನಮೋ ಡ್ರೋನ್ ದೀದಿ ಯೋಜನೆಯಲ್ಲಿ ದೇಶದ 15,000 ಸ್ವಸಹಾಯ ಸಂಘಗಳ ಮಹಿಳೆಯರಿಗೆ ಡ್ರೋನ್ ಕೊಡುವ ತೀರ್ಮಾನ 2023ರಲ್ಲೇ ಆಗಿದೆ. ಯಂತ್ರ ಇದೆ, ಹಾರಿಸುವ ಕೈ ಇದೆ. ಆದರೆ ನಡುರಾತ್ರಿ ತಹಶೀಲ್ದಾರರು ಯಾರಿಗೆ ಫೋನ್ ಮಾಡಬೇಕು? ಆ ಪಟ್ಟಿ ನಿಮ್ಮ ಪಂಚಾಯಿತಿಯಲ್ಲಿ ಇದೆಯೇ? ಕೇಳಿ ನೋಡಿ. ನಾವು ಈ ಕರಪತ್ರ ಹಂಚುತ್ತಿರುವುದು ಆ ಒಂದು ಪಟ್ಟಿಗಾಗಿ, ಅದರಲ್ಲಿರುವವರ ತರಬೇತಿಗಾಗಿ.

ತರಬೇತಿ ಯಾಕೆ ಎಂದರೆ, ಮದುವೆಗೆ ಹಾರಿಸುವುದೇ ಬೇರೆ, ಮನುಷ್ಯನನ್ನು ಹುಡುಕುವುದೇ ಬೇರೆ. ಹುಡುಕುವಾಗ ಡ್ರೋನ್ ಮನಸ್ಸು ಬಂದತ್ತ ಸುತ್ತುವಂತಿಲ್ಲ. ಗದ್ದೆ ಹೂಡುವಾಗ ಒಂದು ಸಾಲಿನ ಅಂಚು ಹಿಡಿದು ಇನ್ನೊಂದು ಸಾಲು ಎಳೆಯುತ್ತೇವಲ್ಲ, ಹಾಗೆ ಒಂದೇ ಎತ್ತರದಲ್ಲಿ, ನಿಧಾನವಾಗಿ, ಸಾಲಿಗೆ ಸಾಲು ತಾಗಿಸಿಕೊಂಡು ಹೋಗಬೇಕು. ಒಬ್ಬರು ಹಾರಿಸಬೇಕು, ಇನ್ನೊಬ್ಬರು ಪರದೆಯಿಂದ ಕಣ್ಣು ಕೀಳಬಾರದು, ಮೂರನೆಯವರು ಆಕಾಶ ಮತ್ತು ಕರೆಂಟ್ ತಂತಿ ನೋಡುತ್ತಿರಬೇಕು. ಸಣ್ಣ ಡ್ರೋನಿನ ಬ್ಯಾಟರಿ ಅರ್ಧ ಗಂಟೆಯ ಆಚೀಚೆ ಮುಗಿಯುತ್ತದೆ. ಕರೆಂಟ್ ಹೋದ ಊರಿನಲ್ಲಿ ಅದನ್ನು ಚಾರ್ಜ್ ಮಾಡಲು ಜನರೇಟರ್ ಎಲ್ಲಿ ಸಿಗುತ್ತದೆ ಎನ್ನುವುದು ಮೊದಲೇ ಗೊತ್ತಿರಬೇಕು.

ಶಾಖ ಗುರುತಿಸುವ ಥರ್ಮಲ್ ಕ್ಯಾಮೆರಾ ಇದ್ದರೆ ಕತ್ತಲಲ್ಲೂ ಮೈಯ ಬಿಸಿ ಬೆಳ್ಳಗೆ ಕಾಣುತ್ತದೆ. ಆದರೆ ಹಗಲಿಡೀ ಬಿಸಿಲು ಕುಡಿದ ಚಿರೆಕಲ್ಲು ಕೂಡ ಹಾಗೆಯೇ ಕಾಣುತ್ತದೆ. ಅದಕ್ಕೇ ಬೆಳಗಿನ ಜಾವ, ಕಲ್ಲು ಆರಿದ ಹೊತ್ತು, ಹುಡುಕಲು ಒಳ್ಳೆಯದು. ನಮ್ಮ ಘಟ್ಟದ ದಟ್ಟ ಕಾಡಿನ ಎಲೆಮಾಡಿನ ಕೆಳಗೆ ಈ ಕ್ಯಾಮೆರಾ ಸರಿಯಾಗಿ ಕಾಣಿಸದು. ಮಣ್ಣಿನೊಳಗೆ, ನೀರಿನೊಳಗೆ ಏನೂ ಕಾಣಿಸದು. ಅಲ್ಲಿಗೆ ಶಿರೂರಿಗೆ ತಂದಂಥ ಬೇರೆ ಸಾಧನವೇ ಬೇಕು. ಜೋರು ಗಾಳಿ ಮಳೆಯಲ್ಲಿ ಸಾಧಾರಣ ಡ್ರೋನ್ ಹಾರುವುದೇ ಇಲ್ಲ. ಇದನ್ನೆಲ್ಲ ಬಿಚ್ಚಿ ಹೇಳುವುದು ಯಾಕೆಂದರೆ, ಡ್ರೋನ್ ಬಂದರೆ ದೋಣಿ ಬೇಡ, ಹಗ್ಗ ಬೇಡ, ಹೊಳೆಯ ಸುಳಿ ಬಲ್ಲ ಅಂಬಿಗರು ಬೇಡ ಎಂದು ಯಾರೂ ತಿಳಿಯಬಾರದು. ಅವರು ಎಲ್ಲಿಗೆ ಹೋಗಬೇಕು ಎಂದು ತೋರಿಸುವುದೇ ಅದರ ಮುಖ್ಯ ಕೆಲಸ.

ಡ್ರೋನಿನಿಂದ ಜೀವ ಉಳಿದಿದೆ. 2013ರ ಮೇ ತಿಂಗಳಲ್ಲಿ ಕೆನಡಾದ ಸಸ್ಕ್ಯಾಚವಾನ್‌ನಲ್ಲಿ ಕಾರು ಮಗುಚಿ, ಪೆಟ್ಟು ತಿಂದು, ದಿಕ್ಕು ತಪ್ಪಿ ಚಳಿಯಲ್ಲಿ ಬಿದ್ದಿದ್ದವನನ್ನು ಪೊಲೀಸರ ಸಣ್ಣ ಡ್ರೋನ್ ಅವನ ಮೈಯ ಶಾಖದಿಂದಲೇ ಪತ್ತೆ ಮಾಡಿತು. 2018ರ ಜನವರಿಯಲ್ಲಿ ಆಸ್ಟ್ರೇಲಿಯಾದ ಲೆನಾಕ್ಸ್ ಹೆಡ್ ಕಡಲತೀರದಲ್ಲಿ ಅಲೆಗೆ ಸಿಕ್ಕಿದ್ದ ಇಬ್ಬರು ಹುಡುಗರಿಗೆ ಡ್ರೋನ್ ತೇಲುವ ಸಾಧನವನ್ನು ಬೀಳಿಸಿತು. ಅದನ್ನು ಹಿಡಿದು ಅವರು ದಡ ಸೇರಿದರು. ಗೋಕರ್ಣ, ಮುರ್ಡೇಶ್ವರದ ಕಡಲಲ್ಲಿ ವರ್ಷವರ್ಷವೂ ಪ್ರವಾಸಿಗರು ಮುಳುಗುವ ಸುದ್ದಿ ಓದುವ ನಮಗೆ ಇದು ದೂರದ ಕಥೆಯಲ್ಲ. 2023ರ ನವೆಂಬರ್‌ನಲ್ಲಿ ಉತ್ತರಾಖಂಡದ ಸಿಲ್ಕ್ಯಾರಾ ಸುರಂಗದಲ್ಲಿ 41 ಕಾರ್ಮಿಕರು ಸಿಕ್ಕಿಬಿದ್ದಾಗ, ಕುಸಿದ ಜಾಗದ ಸ್ಥಿತಿ ನೋಡಲು ಒಳಗೆ ಹೋದ ಡ್ರೋನ್ ನಮ್ಮ ಬೆಂಗಳೂರಿನ ಕಂಪನಿಯದು. ಆ 41 ಜನರೂ ಜೀವಂತ ಹೊರಬಂದರು. ಬೆಂಗಳೂರಿನಿಂದ ಹಿಮಾಲಯಕ್ಕೆ ಹೋದದ್ದು ಅಂಕೋಲಾಕ್ಕೆ, ಹೊನ್ನಾವರಕ್ಕೆ, ಸಿದ್ದಾಪುರಕ್ಕೆ ಬರಲಾರದೇ?

ಕಾನೂನು ನಮ್ಮ ಕಡೆಗಿದೆ. 2021ರ ಡ್ರೋನ್ ನಿಯಮಗಳ ಪ್ರಕಾರ ನಿರ್ಬಂಧವಿಲ್ಲದ ಹಸಿರು ವಲಯದಲ್ಲಿ 400 ಅಡಿ ಎತ್ತರದವರೆಗೆ ಹಾರಿಸಲು ಮುಂಚಿತ ಅನುಮತಿ ಬೇಕಿಲ್ಲ. ದೊಡ್ಡ ಡ್ರೋನಿಗೆ ಬೇಕಾದ ಪೈಲಟ್ ಪ್ರಮಾಣಪತ್ರವನ್ನು 18 ತುಂಬಿದ, ಹತ್ತನೇ ತರಗತಿ ಪಾಸಾದ ನಮ್ಮ ಮಕ್ಕಳು ತರಬೇತಿ ಮುಗಿಸಿ ಪಡೆಯಬಹುದು. ಆದರೆ ನಮ್ಮ ಜಿಲ್ಲೆಗೆ ಒಂದು ತೊಡಕಿದೆ. ಕಾರವಾರದ ಕದಂಬ ನೌಕಾನೆಲೆ ಮತ್ತು ಕೈಗಾ ಅಣುಸ್ಥಾವರದಂಥ ಜಾಗಗಳ ಸುತ್ತ ಯಾರೂ ಹಾಗೇ ಡ್ರೋನ್ ಎತ್ತುವಂತಿಲ್ಲ. ನೆರೆ ಬಂದ ರಾತ್ರಿ ಅನುಮತಿಯ ಕಾಗದ ಹಿಡಿದು ಓಡಾಡಲು ಆಗುತ್ತದೆಯೇ? ಯಾರನ್ನು ಕೇಳಬೇಕು, ಎಷ್ಟು ಹೊತ್ತಿನಲ್ಲಿ ಒಪ್ಪಿಗೆ ಬರಬೇಕು ಎನ್ನುವುದನ್ನು ಜಿಲ್ಲಾಡಳಿತ ಬೇಸಿಗೆಯಲ್ಲೇ ಮಾತಾಡಿ ಬರೆದಿಟ್ಟುಕೊಳ್ಳಬೇಕು.

2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಜಿಲ್ಲಾಧಿಕಾರಿಗಳೇ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು. ಜಿಲ್ಲೆಯ ವಿಪತ್ತು ಯೋಜನೆಯನ್ನು ಪ್ರತಿ ವರ್ಷ ಪರಿಷ್ಕರಿಸಬೇಕೆಂದು ಅದೇ ಕಾಯ್ದೆ ಹೇಳುತ್ತದೆ. ಹಾಗಾದರೆ ಈ ವರ್ಷದ ಪರಿಷ್ಕರಣೆಯಲ್ಲಿ ಪ್ರತಿ ತಾಲ್ಲೂಕಿನ ಡ್ರೋನ್ ತಂಡದ ಹೆಸರು, ಫೋನ್ ನಂಬರ್ ಸೇರಲಿ. ತಾಲ್ಲೂಕಿಗೆ ಒಂದಾದರೂ ಥರ್ಮಲ್ ಕ್ಯಾಮೆರಾದ ಡ್ರೋನ್ ಸರ್ಕಾರದ ಹಣದಲ್ಲಿ ಬರಲಿ, ಅದು ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂರದೆ ಅಗ್ನಿಶಾಮಕ ಠಾಣೆಯಲ್ಲಿ ಚಾರ್ಜ್ ಆಗಿ ಸಿದ್ಧವಿರಲಿ. ಖಾಸಗಿ ಡ್ರೋನಿನವರು ಕರೆದಾಗ ಬಂದರೆ ಅವರ ದಿನಗೂಲಿ, ಯಂತ್ರ ಹಾಳಾದರೆ ರಿಪೇರಿ ಖರ್ಚು ಯಾರು ಕೊಡುತ್ತಾರೆ ಎನ್ನುವುದು ಲಿಖಿತದಲ್ಲಿರಲಿ. ಮದುವೆ ಸೀಸನ್ನಿನಲ್ಲಿ ಸಾಲ ಮಾಡಿ ಡ್ರೋನ್ ಕೊಂಡ ಹುಡುಗ ಅದನ್ನು ಹೊಳೆಗೆ ಬಲಿ ಕೊಡಲಿ ಎಂದು ಕೇಳುವ ಹಕ್ಕು ನಮಗಿಲ್ಲ. ಮಳೆಗಾಲಕ್ಕೆ ಮೊದಲು ಒಮ್ಮೆ, ರಾಜ್ಯ ವಿಪತ್ತು ಸ್ಪಂದನಾ ಪಡೆ (ಎಸ್‌ಡಿಆರ್‌ಎಫ್) ಮತ್ತು ಊರಿನ ದೋಣಿಯವರ ಜೊತೆ, ಹೊಳೆ ದಂಡೆಯಲ್ಲೇ ಅಣಕು ಕಾರ್ಯಾಚರಣೆ ಆಗಲಿ.

ಇನ್ನು ನಮ್ಮ ನಮ್ಮಲ್ಲೇ ಒಂದು ಮಾತು. ಅವಘಡ ಆದ ಜಾಗದಲ್ಲಿ ವಿಡಿಯೊ ಹಾಕಲೆಂದು ಡ್ರೋನ್ ಎತ್ತಬೇಡಿ. ಆಕಾಶದಲ್ಲಿ ಅಪರಿಚಿತ ಡ್ರೋನ್ ಇದ್ದರೆ ಹೆಲಿಕಾಪ್ಟರ್ ಇಳಿಯುವಂತಿಲ್ಲ. ನಿಮ್ಮ ವಿಡಿಯೊ ಯಾರದೋ ಉಸಿರಿಗೆ ಅಡ್ಡ ಬರುತ್ತದೆ. ಸತ್ತವರ ಚಿತ್ರ ಸಿಕ್ಕರೆ ಅಧಿಕಾರಿಗಳಿಗೆ ಕೊಡಿ, ವಾಟ್ಸಾಪ್‌ಗೆ ಹಾಕಬೇಡಿ. ಅವರ ಅಕ್ಕ ತಂಗಿಯರು ಆ ಗುಂಪಿನಲ್ಲೇ ಇರುತ್ತಾರೆ.

ಡ್ರೋನ್ ಇರುವ ತಮ್ಮಂದಿರೇ, ತಂಗಿಯರೇ, ಡ್ರೋನ್ ದೀದಿ ಅಕ್ಕಂದಿರೇ: ಒಂದು ಹಾಳೆಯಲ್ಲಿ ಹೆಸರು, ಊರು, ಫೋನ್ ನಂಬರ್, ಡ್ರೋನಿನ ಮಾಡೆಲ್, ಎಷ್ಟು ಬ್ಯಾಟರಿ ಇದೆ, ಎಷ್ಟು ಭಾರ ಎತ್ತುತ್ತದೆ ಎಂದು ಬರೆದು ಪಂಚಾಯಿತಿ ಪಿಡಿಒಗೆ ಕೊಡಿ. ಸ್ವೀಕೃತಿ ಹಾಕಿಸಿಕೊಳ್ಳಿ. ಮದ್ದು ಹೊಡೆಯುವ ಡ್ರೋನನ್ನು ಇದಕ್ಕೆ ಉಪಯೋಗವಿಲ್ಲವೆಂದು ಬಿಡಬೇಡಿ. ಟ್ಯಾಂಕ್ ತೆಗೆದು ಸರಿಯಾದ ಕಟ್ಟು ಹಾಕಿದರೆ ಸಂಕ ಕೊಚ್ಚಿಹೋದ ಕೊಪ್ಪಕ್ಕೆ ಹಗ್ಗ, ಲೈಫ್ ಜಾಕೆಟ್, ಮಾತ್ರೆ ದಾಟಿಸುವಷ್ಟು ಬಲ ಅದಕ್ಕಿದೆ.

ಡ್ರೋನ್ ಇಲ್ಲದವರು ಮುಂದಿನ ಗ್ರಾಮಸಭೆಗೆ ತಪ್ಪದೆ ಬನ್ನಿ. ಸಭೆ ಯಾವತ್ತು ಎಂದು ನಾಳೆಯೇ ಪಂಚಾಯಿತಿಯಲ್ಲಿ ಕೇಳಿ. ಎದ್ದು ನಿಂತು ಈ ಬೇಡಿಕೆಗಳನ್ನು ಓದಿ, ನಡಾವಳಿ ಪುಸ್ತಕದಲ್ಲಿ ಠರಾವಾಗಿ ಬರೆಸಿ, ಅದರ ಪ್ರತಿಯನ್ನು ತಹಶೀಲ್ದಾರ್ ಕಚೇರಿಗೂ ಜಿಲ್ಲಾಧಿಕಾರಿ ಕಚೇರಿಗೂ ಕಳಿಸಿ. ಓದಿ ಮುಗಿಸಿದ ಮೇಲೆ ಈ ಹಾಳೆಯನ್ನು ಪಕ್ಕದ ಮನೆಗೆ ಕೊಡಿ.