ಉಳಿದ ಮಗುವಿನ ಹಲ್ಲು

ಹಲ್ಲಿದ್ದವನಿಗೆ ಕಡಲೆಯಿಲ್ಲ, ಕಡಲೆಯಿದ್ದವನಿಗೆ ಹಲ್ಲಿಲ್ಲ ಎಂಬ ಗಾದೆ ಹೇಳಿ ನಾವು ನಗುತ್ತೇವೆ. ಕ್ಯಾನ್ಸರಿನ ಬಾಯಿಂದ ಪಾರಾಗಿ ಬಂದ ಬಡವರ ಮಗುವಿನ ಪಾಲಿಗೆ ಅದು ನಗೆಮಾತಲ್ಲ.

1948ರಲ್ಲಿ ಅಮೆರಿಕದ ವೈದ್ಯ ಸಿಡ್ನಿ ಫಾರ್ಬರ್, ಮಕ್ಕಳ ರಕ್ತದ ಕ್ಯಾನ್ಸರನ್ನು ಔಷಧದಿಂದ ಕೆಲಕಾಲ ಹಿಮ್ಮೆಟ್ಟಿಸಬಹುದೆಂದು ಲೋಕಕ್ಕೆ ತೋರಿಸಿದರು. ಆ ಔಷಧವನ್ನು ತಯಾರಿಸಿದ ತಂಡದ ಮುಖ್ಯಸ್ಥರು ನೆರೆಯ ಆಂಧ್ರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಇಂದು ಸಿರಿವಂತ ದೇಶಗಳಲ್ಲಿ ಕ್ಯಾನ್ಸರ್ ತಗುಲಿದ ಮಕ್ಕಳಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಮಂದಿ ಗುಣ ಹೊಂದುತ್ತಾರೆ. ವಿಜ್ಞಾನದ ಈ ಜಯವನ್ನು ನಾವು ಮನಸಾರೆ ಕೊಂಡಾಡುತ್ತೇವೆ. ಆದರೆ ಗೆದ್ದು ಬಂದ ಮಗುವಿನ ಮುಂದಿನ ಪಾಡೇನು?

ಶಾಶ್ವತ ಹಲ್ಲು ಆರನೆಯ ವರ್ಷದ ಸುಮಾರಿಗೆ ಕಾಣಿಸಿಕೊಂಡರೂ, ದವಡೆಯೊಳಗೆ ಅದರ ಕಟ್ಟಡ ಮಗು ಹುಟ್ಟಿದಂದಿನಿಂದಲೇ ನಡೆದಿರುತ್ತದೆ. ಕ್ಯಾನ್ಸರ್ ಔಷಧ ಬೇಗಬೇಗ ಬೆಳೆಯುವ ಜೀವಕೋಶಗಳನ್ನು ಹೊಡೆಯುತ್ತದೆ. ರೋಗದ ಕೋಶವಾವುದು, ಹಲ್ಲು ಕಟ್ಟುವ ಕೋಶವಾವುದು ಎಂಬ ಭೇದ ಅದಕ್ಕಿಲ್ಲ. ಐದು ವರ್ಷದೊಳಗಿನ ಮಕ್ಕಳಿಗೆ ಈ ಪೆಟ್ಟು ಹೆಚ್ಚು. ಕೆಲವು ಹಲ್ಲು ಹುಟ್ಟುವುದೇ ಇಲ್ಲ. ಕೆಲವು ತೀರ ಚಿಕ್ಕವಾಗುತ್ತವೆ. ಕೆಲವಕ್ಕೆ ಬೇರು ಮೋಟಾಗುತ್ತದೆ. ತಲೆ, ಕತ್ತಿನ ಭಾಗಕ್ಕೆ ಜನ ಕರೆಂಟು ಎನ್ನುವ ವಿಕಿರಣ ಕೊಟ್ಟಾಗ ದವಡೆಯ ಬೆಳವಣಿಗೆ ಕುಂಠಿತವಾಗಬಹುದು. ಜೊಲ್ಲು ಕಡಿಮೆಯಾಗಿ ಹಲ್ಲು ಹುಳುಕು ಬೀಳಬಹುದು.

ಇದನ್ನು ಓದಿ ಯಾವ ತಾಯಿತಂದೆಯೂ ಚಿಕಿತ್ಸೆಗೆ ಹಿಂಜರಿಯಬಾರದು. ಪ್ರಾಣವೇ ಮೊದಲು. ಚಿಕಿತ್ಸೆಗೆ ಮುಂಚೆ ಹಲ್ಲಿನ ವೈದ್ಯರಿಗೆ ಬಾಯಿ ತೋರಿಸಿರಿ. ಚಿಕಿತ್ಸೆ ನಡೆದಿರುವಾಗ ಕ್ಯಾನ್ಸರ್ ವೈದ್ಯರನ್ನು ಕೇಳದೆ ಹಲ್ಲು ಕೀಳಿಸಬೇಡಿರಿ. ಕೊಟ್ಟ ಔಷಧಗಳ ಕಾಗದಪತ್ರಗಳನ್ನು ಜೋಪಾನವಾಗಿಟ್ಟು, ಮುಂದೆ ಹಲ್ಲಿನ ವೈದ್ಯರಿಗೆ ತೋರಿಸಿರಿ.

ಸಿರಿವಂತನು ಹಣ ಕೊಟ್ಟು ಮಗುವಿಗೆ ಹಲ್ಲು ಕಟ್ಟಿಸುತ್ತಾನೆ. ಗಿರಣಿಯ ಪಾಳಿ ತಪ್ಪಿಸಿ, ಅಂಗಡಿಗೆ ಬೀಗ ಹಾಕಿ, ಸಾಲ ಮಾಡಿ, ಬೆಂಗಳೂರಿಗೆ ಒಯ್ದು ಮಗುವನ್ನು ಉಳಿಸಿಕೊಂಡವನು ವರ್ಷಗಳ ಮೇಲೆ ಮತ್ತೊಮ್ಮೆ ಸಾಲಗಾರನ ಬಾಗಿಲು ತಟ್ಟಬೇಕೆ? ಇದೆಲ್ಲ ಅಂದಚೆಂದದ ಖರ್ಚು ಎನ್ನುವ ಮಹನೀಯರನ್ನು ನಾವು ಕೇಳುತ್ತೇವೆ: ರೊಟ್ಟಿ ಅಗಿಯುವುದು ಅಂದವೋ, ಅಗತ್ಯವೋ?

ಅದೇ 1948ರಲ್ಲಿ ನಮ್ಮ ದೇಶದಲ್ಲಿ ಕಾರ್ಮಿಕರ ರಾಜ್ಯ ವಿಮಾ ಕಾಯಿದೆಯಾಯಿತು. ದುಡಿಯುವವನ ಮನೆಯ ಕಾಯಿಲೆಯನ್ನು ಅವನೊಬ್ಬನ ತಲೆಗೇ ಕಟ್ಟಬಾರದೆಂಬ ತತ್ತ್ವ ಅದರಲ್ಲಿತ್ತು. ಆ ತತ್ತ್ವ ಹಲ್ಲಿನವರೆಗೂ ಹೋಗಬೇಕು; ವಿಮೆಯ ಹೊರಗುಳಿದ ಚಿಕ್ಕ ಅಂಗಡಿಯವನ ಮನೆಗೂ ಮುಟ್ಟಬೇಕು.

ನಮ್ಮ ಬೇಡಿಕೆ ಸರಳ. ಕ್ಯಾನ್ಸರ್ ಚಿಕಿತ್ಸೆಗೆ ಬಂದ ಪ್ರತಿಯೊಂದು ಮಗುವಿಗೂ ಮೊದಲೇ ದಂತಪರೀಕ್ಷೆಯಾಗಲಿ. ಗುಣವಾದ ಮೇಲೆ, ಬೆಳವಣಿಗೆ ಮುಗಿಯುವ ತನಕ, ಜಿಲ್ಲಾ ಆಸ್ಪತ್ರೆಯಲ್ಲೇ ತಪಾಸಣೆ ನಡೆಯಲಿ. ಹಲ್ಲಿನ ಖರ್ಚನ್ನು ಕ್ಯಾನ್ಸರ್ ಚಿಕಿತ್ಸೆಯ ಖರ್ಚೆಂದೇ ಸರಕಾರ ಭರಿಸಲಿ. ಸಂಘಗಳೂ ವರ್ತಕ ಬಂಧುಗಳೂ ಒಂದಾಗಿ ಈ ಮಾತನ್ನು ಎತ್ತಬೇಕು. ನಾವು ಕೇಳುತ್ತಿರುವುದು ದಾನವನ್ನಲ್ಲ, ಆ ಮಗುವಿಗೆ ಸಲ್ಲಬೇಕಾದ ಬಾಕಿಯನ್ನು.