ನಡತೆಯ ಅಂಕಣದಲ್ಲಿ ಬರೆದ ಒಂದು ಪದ

ಶಾಲೆಯ ವರ್ಗಾವಣೆ ಪತ್ರದಲ್ಲಿ 'ನಡತೆ' ಎಂಬ ಅಂಕಣವೊಂದಿರುವುದು ಎಲ್ಲರಿಗೂ ತಿಳಿದದ್ದೇ. ಅದರ ಮುಂದೆ ಒಂದೇ ಒಂದು ಪದಕ್ಕೆ ಜಾಗ. ಮೂವತ್ತು ವರ್ಷಗಳಿಗೂ ಮಿಗಿಲಾದ ನನ್ನ ಶಿಕ್ಷಕವೃತ್ತಿಯಲ್ಲಿ ಅಲ್ಲಿ 'ಉತ್ತಮ' ಎಂದೋ 'ತೃಪ್ತಿಕರ' ಎಂದೋ ಎಷ್ಟು ಸಲ ಬರೆದಿರುವೆನೋ ಲೆಕ್ಕವಿಟ್ಟಿಲ್ಲ. ಒಮ್ಮೆ ಮಾತ್ರ 'ಸಾಧಾರಣ' ಎಂದು ಬರೆದೆ. ಅದು ಇಂದಿಗೂ ಮುಳ್ಳಿನಂತೆ ಮನಸ್ಸಿನಲ್ಲಿ ಉಳಿದಿದೆ.

ಏಳನೆಯ ತರಗತಿಯ ಹುಡುಗ. ಗಣಿತದ ಪರೀಕ್ಷೆಯಲ್ಲಿ ಅವನ ಅಂಗಿಯ ತೋಳಿನೊಳಗೆ ಚೀಟಿ ಸಿಕ್ಕಿತು. ಕೇಳಿದರೆ, ತನ್ನದಲ್ಲವೆಂದ. ತರಗತಿಯ ಎದುರಿಗೇ ನಾನು ಅವನನ್ನು 'ಹುಟ್ಟು ಸುಳ್ಳುಗಾರ' ಎಂದು ಕರೆದೆ. ಅಲ್ಲಿಂದ ಮುಂದೆ ತರಗತಿಯಲ್ಲಿ ಯಾರ ಪೆನ್ಸಿಲ್ ಕಳೆದರೂ ಎಲ್ಲರ ಕಣ್ಣು ಹೊರಳುತ್ತಿದ್ದುದು ಅವನ ಕಡೆಗೇ. ಅದೇ ಹುಡುಗ ಸಂಜೆಯ ಹೊತ್ತು ತಂದೆಯ ಚಿಲ್ಲರೆ ಅಂಗಡಿಯಲ್ಲಿ ಕೂರುತ್ತಿದ್ದ. ಒಂದು ದಿನ ನಾನು ಬೆಂಕಿಪೊಟ್ಟಣ ಕೊಂಡು, ಹತ್ತರ ನೋಟು ಕೊಟ್ಟು, ಚಿಲ್ಲರೆ ಪಡೆಯಲು ಮರೆತು ಹೊರಟುಬಿಟ್ಟಿದ್ದೆ. ಅವನು ಕೆರೆ ಏರಿಯವರೆಗೂ ಓಡಿಬಂದು, ಏದುಸಿರು ಬಿಡುತ್ತಾ ಚಿಲ್ಲರೆಯನ್ನು ನನ್ನ ಅಂಗೈಯಲ್ಲಿಟ್ಟ. ಇಷ್ಟನ್ನು ಕಣ್ಣಾರೆ ಕಂಡ ಮೇಲೂ ವರ್ಷಾಂತ್ಯದಲ್ಲಿ ನನ್ನ ಕೈ 'ಸಾಧಾರಣ' ಎಂದೇ ಬರೆಯಿತು. ಅವನ ತಂದೆ ಹೆಗಲ ಮೇಲಿನ ವಲ್ಲಿಯನ್ನು ಕೈಯಲ್ಲಿ ಹಿಡಿದು, "ಪ್ರೌಢಶಾಲೆಯವರು ಇದನ್ನು ನೋಡ್ತಾರೆ ಸ್ವಾಮಿ, ಒಂದು ಮಾತು ಬದಲಿಸಿ ಕೊಡಿ" ಎಂದು ಬೇಡಿಕೊಂಡರು. ಬರೆದದ್ದು ಬರೆದಾಯಿತು ಎಂದೆ.

ಆಗ ನನಗೆ ಮನಶ್ಶಾಸ್ತ್ರ ತಿಳಿಯದೆ ಇರಲಿಲ್ಲ. ಶಿಕ್ಷಕರ ತರಬೇತಿಯಲ್ಲಿ ಗುಣಲಕ್ಷಣ ಸಿದ್ಧಾಂತಗಳನ್ನು ಕಂಠಪಾಠ ಮಾಡಿದ್ದೆವು. ಅಮೆರಿಕದ ಗಾರ್ಡನ್ ಆಲ್‌ಪೋರ್ಟ್ ಮತ್ತು ಓಡ್‌ಬರ್ಟ್ 1936ರಲ್ಲಿ ಇಂಗ್ಲಿಷ್ ನಿಘಂಟನ್ನು ಜಾಲಾಡಿ, ಮನುಷ್ಯರ ನಡುವಿನ ಭೇದವನ್ನು ಸೂಚಿಸುವ 17,953 ಪದಗಳನ್ನು ಹೆಕ್ಕಿದರು. ಅವುಗಳಲ್ಲಿ ಸ್ಥಿರವಾದ ಗುಣಗಳನ್ನು ಹೇಳುವಂಥವು ಸುಮಾರು 4,500. ರೇಮಂಡ್ ಕ್ಯಾಟೆಲ್ ಅಂಥ ಪದಗಳನ್ನು ಸಂಖ್ಯಾಶಾಸ್ತ್ರದ ಜರಡಿಯಲ್ಲಿ ಹಿಡಿದು 16 ಮೂಲಗುಣಗಳಿಗೆ ತಂದರು. ಹ್ಯಾನ್ಸ್ ಐಸೆಂಕ್ ಮೊದಲು ಎರಡು, ಅನಂತರ ಮೂರು ಆಯಾಮಗಳು ಸಾಕೆಂದರು. ಇಂದು ಬಹುಮಟ್ಟಿಗೆ ಒಪ್ಪಿತವಾಗಿರುವುದು ಐದು: ಹೊಸತಿಗೆ ತೆರೆದ ಮನಸ್ಸು, ಕರ್ತವ್ಯನಿಷ್ಠೆ, ಬಹಿರ್ಮುಖತೆ, ಸೌಹಾರ್ದ ಮತ್ತು ಭಾವನಾತ್ಮಕ ಅಸ್ಥಿರತೆ.

ನಾನು ಓದದೆ ಬಿಟ್ಟಿದ್ದ ಅಧ್ಯಯನವೊಂದು ನಿವೃತ್ತಿಯ ನಂತರ ಕಣ್ಣಿಗೆ ಬಿತ್ತು. ಹಾರ್ಟ್‌ಶೋರ್ನ್ ಮತ್ತು ಮೇ ಎಂಬಿಬ್ಬರು 1920ರ ದಶಕದಲ್ಲಿ ಅಮೆರಿಕದ ಸುಮಾರು 10,000 ಶಾಲಾಮಕ್ಕಳ ಪ್ರಾಮಾಣಿಕತೆಯನ್ನು ಪರೀಕ್ಷಿಸಿ, 1928ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ನಕಲು ಮಾಡಲು, ಸುಳ್ಳು ಹೇಳಲು, ಹಣ ಎತ್ತಿಟ್ಟುಕೊಳ್ಳಲು ಮಕ್ಕಳಿಗೆ ಬೇರೆ ಬೇರೆ ಅವಕಾಶಗಳನ್ನು ಒದಗಿಸಿ ನೋಡಿದರು. ಒಂದು ಕಡೆ ಮೋಸ ಮಾಡಿದ ಮಗು ಇನ್ನೊಂದು ಕಡೆಯೂ ಮಾಡುವುದೆಂದು ಹೇಳಲು ಹೆಚ್ಚಿನ ಆಧಾರ ಸಿಗಲಿಲ್ಲ. ಅದನ್ನು ಓದುತ್ತಿದ್ದಂತೆ ಕೆರೆ ಏರಿಯ ಮೇಲೆ ಏದುಸಿರು ಬಿಡುತ್ತಾ ನಿಂತ ಆ ಹುಡುಗ ನೆನಪಾದ. ಗಣಿತಕ್ಕೆ ಹೆದರಿದವನೂ ಅವನೇ, ಚಿಲ್ಲರೆ ತಂದುಕೊಟ್ಟವನೂ ಅವನೇ.

ಹಾಗಾದರೆ ಗುಣಸ್ವಭಾವ ಎಂಬುದೇ ಸುಳ್ಳೇ? ಅಲ್ಲ. ವಾಲ್ಟರ್ ಮಿಶೆಲ್ 1968ರಲ್ಲಿ, ಗುಣದ ಅಳತೆಗೂ ನಿರ್ದಿಷ್ಟ ಸಂದರ್ಭದ ವರ್ತನೆಗೂ ಇರುವ ಸಹಸಂಬಂಧ ಸಾಮಾನ್ಯವಾಗಿ 0.30ನ್ನು ದಾಟದು ಎಂದು ತೋರಿಸಿ ದೊಡ್ಡ ವಿವಾದವನ್ನೇ ಎಬ್ಬಿಸಿದರು. ಅದಕ್ಕೆ ಸೀಮೋರ್ ಎಪ್‌ಸ್ಟೀನ್ 1979ರಲ್ಲಿ ಉತ್ತರ ಕೊಟ್ಟರು. ಒಂದು ದಿನದ ವರ್ತನೆಯಿಂದ ಏನನ್ನೂ ಹೇಳಲಾಗದು. ಹಲವು ದಿನಗಳ ವರ್ತನೆಯ ಸರಾಸರಿ ತೆಗೆದರೆ ಸ್ವಭಾವದ ಸ್ಥಿರರೂಪ ಕಾಣುತ್ತದೆ ಎಂಬುದು ಅವರ ವಾದ. ಒಂದು ದಿನದ ಮಳೆಯಿಂದ ಊರಿನ ಹವಾಗುಣವನ್ನು ಹೇಳಲಾಗದಷ್ಟೆ. ನಾನು ಒಂದು ಚೀಟಿಯಿಂದ ಒಬ್ಬ ಹುಡುಗನ ಹವಾಗುಣವನ್ನು ಬರೆದುಬಿಟ್ಟಿದ್ದೆ.

ಇಂದು ಈ ಕೆಲಸವನ್ನು ಮೇಷ್ಟರಿಗಿಂತ ಪ್ರಶ್ನಾವಳಿಗಳು ಹೆಚ್ಚಾಗಿ ಮಾಡುತ್ತಿವೆ. ನಮ್ಮ ಬಂಧುಗಳ ಮಕ್ಕಳು ಉದ್ಯೋಗದ ಸಂದರ್ಶನಕ್ಕೆ ಹೋದಾಗ ಇಂಥವನ್ನು ತುಂಬಿ ಬರುತ್ತಾರೆ. ಸಂಶೋಧಕರು ಜತನದಿಂದ ರೂಪಿಸಿದ ಪ್ರಶ್ನಾವಳಿಗಳಿಗೆ ಅವುಗಳದೇ ಬೆಲೆಯಿದೆ, ನಾನದನ್ನು ಅಲ್ಲಗಳೆಯುವುದಿಲ್ಲ. ಆದರೆ "ನಾನು ಶ್ರಮಜೀವಿ" ಎಂಬ ಹೇಳಿಕೆಯ ಮುಂದೆ, ಕೆಲಸ ಬೇಕಾದ ಯಾವ ಹುಡುಗ ತಾನೆ 'ಅಲ್ಲ' ಎಂದು ಗುರುತು ಹಾಕಿಯಾನು? ಇನ್ನು ಫಲಿತಾಂಶ ಓದಿ "ಅದು ನಾನೇ!" ಎಂದು ಬೆರಗಾಗುವುದೂ ಪುರಾವೆಯಲ್ಲ. 1948ರಲ್ಲಿ ಬರ್ಟ್ರಮ್ ಫೋರರ್ ತಮ್ಮ 39 ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟು, 'ಇದು ನಿನ್ನ ವ್ಯಕ್ತಿತ್ವ' ಎಂದು ಪ್ರತಿಯೊಬ್ಬರಿಗೂ ಒಂದೊಂದು ವಿವರಣೆ ಹಂಚಿದರು. ವಿದ್ಯಾರ್ಥಿಗಳು ಅದರ ನಿಖರತೆಗೆ 5ಕ್ಕೆ ಸರಾಸರಿ 4ಕ್ಕೂ ಹೆಚ್ಚು ಅಂಕ ಕೊಟ್ಟರು. ಎಲ್ಲರ ಕೈಯಲ್ಲೂ ಇದ್ದದ್ದು ಒಂದೇ ವಿವರಣೆ. ಅದರ ಬಹುಪಾಲು ವಾಕ್ಯಗಳು ಜ್ಯೋತಿಷ್ಯದ ಪುಸ್ತಕದವು!

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟೆ. ವ್ಯಕ್ತಿತ್ವವನ್ನು ಅಳೆಯಬಹುದು, ಆದರೆ ಅದು ಹಲವು ಸಂದರ್ಭಗಳ ಸರಾಸರಿ, ಇತರರೊಡನೆ ಮಾಡಿದ ಹೋಲಿಕೆ. ಅದು ವಿಧಿಲಿಖಿತವಲ್ಲ. ಮಗುವಿಗೆ ದಾರಿ ತೋರಿಸಲು ಅದನ್ನು ಬಳಸೋಣ, ಬಾಗಿಲು ಮುಚ್ಚಲು ಬೇಡ. ಇಂದು ಶಾಲೆಗಳಲ್ಲಿರುವ ಕಿರಿಯ ಮಿತ್ರರಲ್ಲಿ ಒಂದು ವಿನಂತಿ. ಮಗುವಿನ ಬಗ್ಗೆ ಬರೆಯಲೇಬೇಕಾಗಿ ಬಂದರೆ ವಿಶೇಷಣವನ್ನು ಬರೆಯಬೇಡಿ, ಘಟನೆಯನ್ನು ಬರೆಯಿರಿ. 'ಗಣಿತ ಪರೀಕ್ಷೆಯಲ್ಲಿ ಚೀಟಿ ಸಿಕ್ಕಿತು' ಎಂದು ಬರೆದವನು, ಮರೆತ ಚಿಲ್ಲರೆಯನ್ನು ಓಡಿಬಂದು ಕೊಟ್ಟದ್ದನ್ನೂ ಬರೆಯಬೇಕಾಗುತ್ತದೆ.

ಆ ಹುಡುಗ ಈಗ ಎಲ್ಲಿದ್ದಾನೋ ನನಗೆ ತಿಳಿಯದು. ಅವನ ವರ್ಗಾವಣೆ ಪತ್ರದ ಪ್ರತಿ ಯಾವುದೋ ಕಡತದಲ್ಲಿ, ನನ್ನ ಕೈಬರಹದಲ್ಲಿ, ಇನ್ನೂ ಇರಬಹುದು.